ಹೆಲ್ಮೆಟ್ಟಿಗೊಂದು ಹಬ್ಬದ ಅಂಗಿ

ಆಯುಧಪೂಜೆಯ ದಿನ ಬೆಳಿಗ್ಗೆ ನಿಮ್ಮ ಬೀದಿಯಲ್ಲಿ ಸುಮ್ಮನೆ ಒಂದು ಸುತ್ತು ಹೋಗಿ ಬನ್ನಿ. ಎಲ್ಲರ ಮನೆ ಮುಂದೆಯೂ ಗಾಡಿಗೆ ಅಭ್ಯಂಜನ ನಡೀತಾ ಇರುತ್ತೆ. ವರ್ಷವಿಡೀ ಕೆಸರು ಹೊತ್ತು ತಿರುಗಿದ ಬೈಕು ಅವತ್ತೊಂದು ದಿನ ಮದುಮಗನ ಹಾಗೆ ಹೊಳೆಯುತ್ತೆ. ಹೆಡ್‌ಲೈಟಿಗೆ ವಿಭೂತಿ ಪಟ್ಟೆ, ನಡುವೆ ಕುಂಕುಮ. ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ, ಎರಡೂ ಕನ್ನಡಿಗೆ ಸೇವಂತಿಗೆ. ಉತ್ಸಾಹ ಜಾಸ್ತಿ ಇದ್ದವರು ಎರಡು ಬಾಳೆಕಂದನ್ನೂ ಕಟ್ಟಿರ್ತಾರೆ. ಚಕ್ರದ ಕೆಳಗೆ ನಿಂಬೆಹಣ್ಣು. ಮನೆಯ ಟೂಲ್‌ಕಿಟ್ಟು, ಸುತ್ತಿಗೆ, ಸ್ಪ್ಯಾನರ್, ಈಳಿಗೆಮಣೆ, ಕತ್ತರಿ, ಈಗೀಗ ಲ್ಯಾಪ್‌ಟಾಪು, ಎಲ್ಲದಕ್ಕೂ ಅರಿಶಿನ ಕುಂಕುಮ ಬೀಳುತ್ತೆ.

ಈಗ ಹೇಳಿ, ಹೆಲ್ಮೆಟ್ ಎಲ್ಲಿದೆ?

ನಮ್ಮನೇಲಿ ಅದು ಚಪ್ಪಲಿ ಸ್ಟ್ಯಾಂಡಿನ ಮೇಲಿರ್ತಿತ್ತು. ಗಾಡಿಗೆ ಮಂಗಳಾರತಿ ಆಗುವಾಗ ಇದು ಚಪ್ಪಲಿಗಳ ಜೊತೆ ಕೂತು ನೋಡ್ತಿತ್ತು. ನಿಮ್ಮನೇಲೂ ಹಾಗೇ ಅಂದ್ಕೊಂಡಿದೀನಿ. ಅಲ್ಲ ಅಂದ್ರೆ ನಿಮಗೆ ನನ್ನ ದೊಡ್ಡ ನಮಸ್ಕಾರ :)

ಕತ್ತಿ ಇಟ್ಟು ಪೂಜೆ ಮಾಡೋರು ಗುರಾಣಿಯನ್ನ ಬಿಡೋದು ಯಾವ ನ್ಯಾಯ? ಆಯುಧಪೂಜೆಯ ದಿನ ಮೈಸೂರಿನ ಅರಮನೆಯಲ್ಲಿ ಪಟ್ಟದ ಕತ್ತಿ, ಪಟ್ಟದ ಆನೆ, ಪಟ್ಟದ ಕುದುರೆಯಿಂದ ಹಿಡಿದು ಅರಮನೆಯ ವಾಹನಗಳವರೆಗೆ ಪೂಜೆ ಆಗುತ್ತೆ. ಕೆಲಸಕ್ಕೆ ಬರುವ, ಅನ್ನ ಕೊಡುವ, ಪ್ರಾಣ ಕಾಯುವ ವಸ್ತುವಿಗೆ ವರ್ಷಕ್ಕೊಮ್ಮೆ ಕೈ ಮುಗಿಯೋದೇ ಈ ಹಬ್ಬದ ಒಟ್ಟು ಅರ್ಥ. ಹಾಗಿದ್ರೆ ಬೈಕ್ ಓಡಿಸುವವನ ಗುರಾಣಿ ಯಾವುದು? ಅದಕ್ಕೇ ನಾನು ಮೂರು ವರ್ಷದಿಂದ ನಮ್ಮನೆ ಹೆಲ್ಮೆಟ್ಟುಗಳಿಗೆ ಹಬ್ಬದ ಅಂಗಿ ಹೊಲೀತಿದೀನಿ. ನೀವೂ ಹೊಲೀಬೇಕು, ಇಲ್ಲಾ ಹೊಲಿಸಬೇಕು ಅನ್ನೋದು ನನ್ನ ವಾದ. ನಗೋರು ನಕ್ಕುಬಿಡಿ, ಆಮೇಲೆ ಪೂರ್ತಿ ಓದಿ.

ಇದು ನನ್ನ ತಲೆಗೆ ಬಂದಿದ್ದು ಸುಮ್ಮನೆ ಅಲ್ಲ. ನಮ್ಮ ಚಿಕ್ಕಪ್ಪನ ಮಗನ ಕಥೆ ಹೇಳ್ತೀನಿ. 2013ರ ಆಯುಧಪೂಜೆ. ತಿಪಟೂರಿನಲ್ಲಿ ಚಿಕ್ಕಪ್ಪನ ಮನೆ. ಅವನು ಹೊಸದಾಗಿ ಕೆಲಸಕ್ಕೆ ಸೇರಿ ತನ್ನ ದುಡ್ಡಲ್ಲೇ ಬೈಕ್ ತಗೊಂಡಿದ್ದ. ಬೆಳಿಗ್ಗೆ ಪೂಜೆ ಆಯ್ತು, ನಿಂಬೆಹಣ್ಣು ಪಚಕ್ ಅಂತು, ಹೋಳಿಗೆ ಊಟ ಆಯ್ತು. ಸಂಜೆ "ದೇವಸ್ಥಾನಕ್ಕೆ ಒಂದು ರೌಂಡ್ ಹೋಗಿ ಬರ್ತೀನಿ" ಅಂತ ಹೊರಟ. ಚಿಕ್ಕಮ್ಮ ಬಾಗಿಲಿಂದ "ಲೋ, ಹೆಲ್ಮೆಟ್ಟು..." ಅಂದ್ರು. "ಅಮ್ಮಾ, ಹಬ್ಬದ ದಿನ ಯಾವ ಪೊಲೀಸೂ ಹಿಡಿಯಲ್ಲ, ಹಣೇಲಿ ಕುಂಕುಮ ಇದೆ, ಅಳಿಸಿಹೋಗುತ್ತೆ" ಅಂದ. ಈ ಮಾತನ್ನ ಎಲ್ಲರೂ ಕೇಳಿಸಿಕೊಂಡ್ವಿ. ನಾನೂ ಅಲ್ಲೇ ಜಗಲಿ ಮೇಲೆ ಹೂ ಕಟ್ತಾ ಕೂತಿದ್ದೆ. ಯಾರೂ ಎದ್ದು ಹೆಲ್ಮೆಟ್ ತಂದುಕೊಡಲಿಲ್ಲ.

ವೃತ್ತದ ಹತ್ತಿರ ಯಾರೋ ಬೂದುಗುಂಬಳಕಾಯಿ ಒಡೆದು ಹಾಗೇ ಬಿಟ್ಟಿದ್ರು. ಅದರ ಮೇಲೆ ಹತ್ತಾರು ಗಾಡಿ ಹರಿದು ರಸ್ತೆ ಲೋಳೆಯಾಗಿತ್ತು. ಮುಂದಿನ ಚಕ್ರ ಜಾರಿತು. ಸ್ಪೀಡ್ ಏನೂ ಇರಲಿಲ್ಲ, ಮೂವತ್ತು ಇದ್ದಿರಬಹುದು. ಕೈಕಾಲಿಗೆ ಬರೀ ತರಚು ಗಾಯ. ಆದ್ರೆ ತಲೆಯ ಹಿಂಭಾಗ ನೆಲಕ್ಕೆ ಬಡೀತು.

ಬದುಕಿದ. ಬೆಂಗಳೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದು ನಡ್ಕೊಂಡೇ ಮನೆಗೆ ಬಂದ. ಎಲ್ಲರೂ ದೇವರು ದೊಡ್ಡವನು ಅಂದ್ವಿ. ಒಂದು ತಿಂಗಳಾದ ಮೇಲೆ ಗೊತ್ತಾಯ್ತು, ಅವನಿಗೆ ವಾಸನೆ ಬರ್ತಿಲ್ಲ. ಒಗ್ಗರಣೆ ಸೀದರೂ ಗೊತ್ತಾಗಲ್ಲ, ಗ್ಯಾಸ್ ಸೋರಿದರೂ ಗೊತ್ತಾಗಲ್ಲ. ತಲೆ ಜೋರಾಗಿ ಅಲುಗಿದಾಗ ಮೂಗಿನಿಂದ ಮೆದುಳಿಗೆ ಹೋಗುವ ಕೂದಲೆಳೆಯಂಥ ನರಗಳು ಹರಿದುಹೋಗಬಹುದಂತೆ, ಹಿಂಭಾಗಕ್ಕೆ ಪೆಟ್ಟು ಬಿದ್ದಾಗಲೂ. ಕೆಲವರಿಗೆ ವಾಪಸ್ ಬರುತ್ತೆ, ಕೆಲವರಿಗೆ ಇಲ್ಲ. ಇವನಿಗೆ ಬರಲಿಲ್ಲ. ಕರ್ಪೂರ, ಮಲ್ಲಿಗೆ, ಮೊದಲ ಮಳೆ, ಆಮೇಲೆ ಹುಟ್ಟಿದ ತನ್ನ ಮಗಳ ನೆತ್ತಿ... ಯಾವುದರ ವಾಸನೆಯೂ ಅವನಿಗಿಲ್ಲ.

ಅವತ್ತು ಅವನ ಹೆಲ್ಮೆಟ್ ಮನೆಯಲ್ಲೇ ಇತ್ತು. ಕಂಪನಿಯ ಪ್ಲಾಸ್ಟಿಕ್ ಕವರನ್ನೂ ಪೂರ್ತಿ ತೆಗೆದಿರಲಿಲ್ಲ.

ಇದು ನಮ್ಮೊಬ್ಬರ ಮನೆ ಕಥೆ ಅಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಹೆಲ್ಮೆಟ್ ಹಾಕದೇ ಇದ್ದವರು 50,029. ನಮ್ಮ ಒಂದು ಸಣ್ಣ ಪಟ್ಟಣದಷ್ಟು ಜನ! ಹೆಲ್ಮೆಟ್ ಹಾಕಿದ್ರೆ ಎಲ್ಲರೂ ಉಳೀತಿದ್ರು ಅಂತ ನಾನು ಹೇಳಲ್ಲ. ಅನೇಕ ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆಯೊಂದರ ಪ್ರಕಾರ ಹೆಲ್ಮೆಟ್ಟಿನಿಂದ ಬೈಕ್ ಸವಾರರ ಸಾವಿನ ಸಂಭವ ಸುಮಾರು 42%, ತಲೆಗೆ ಪೆಟ್ಟಾಗುವ ಸಂಭವ ಸುಮಾರು 69% ಕಡಿಮೆ ಆಗುತ್ತೆ. ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂರುವ ವಸ್ತುವಿಗೆ ಇದು ಸಣ್ಣ ಸಾಧನೆ ಏನಲ್ಲ.

ಹೆಲ್ಮೆಟ್ಟಿನ ಹಿಂದೆಯೂ ಒಂದು ಸಾವಿದೆ. 'ಲಾರೆನ್ಸ್ ಆಫ್ ಅರೇಬಿಯಾ' ಸಿನಿಮಾ ನೋಡಿರ್ತೀರಿ. ನಿಜವಾದ ಆ ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಹಳ್ಳಿ ರಸ್ತೆಯಲ್ಲಿ ಸೈಕಲ್ ಹುಡುಗರಿಬ್ಬರನ್ನ ತಪ್ಪಿಸೋಕೆ ಹೋಗಿ ಬೈಕಿನಿಂದ ಬಿದ್ದು, ತಲೆಗೆ ಪೆಟ್ಟಾಗಿ ಆರು ದಿನದ ನಂತರ ತೀರಿಕೊಂಡ. ಅವನನ್ನ ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಅಂತ ಒಬ್ಬರು. ಆ ಸಾವು ಅವರನ್ನ ಬಿಡಲಿಲ್ಲ. ಬೈಕ್ ಸವಾರರ ತಲೆ ಪೆಟ್ಟಿನ ಬಗ್ಗೆ ಅಧ್ಯಯನ ಮಾಡಿ 1941ರಲ್ಲಿ ಲೇಖನ ಪ್ರಕಟಿಸಿದ್ರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.

ನಮ್ಮಲ್ಲೂ ಕಾನೂನಿಗೆ ಕೊರತೆ ಇಲ್ಲ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸೋದು, ಮಾರೋದು ಎರಡೂ ಅಪರಾಧ. ಆದ್ರೂ ರಸ್ತೆ ಬದಿಯಲ್ಲಿ ಚಿಪ್ಪಿನಂಥ ಟೋಪಿಗಳ ರಾಶಿ ಬಿದ್ದೇ ಇರುತ್ತೆ, ನಾವು ಕೊಂಡ್ಕೊಳ್ತಾನೇ ಇರ್ತೀವಿ. ಯಾಕಂದ್ರೆ ಹೆಲ್ಮೆಟ್ ನಮ್ಮ ತಲೇಲಿ ಪೊಲೀಸರ ವಸ್ತು. ಸಿಗ್ನಲ್ ಹತ್ತಿರ ಬಂದಾಗ ಮೊಣಕೈಯಿಂದ ತಲೆಗೆ ಏರುತ್ತೆ, ಸಿಗ್ನಲ್ ದಾಟಿದ ಮೇಲೆ ಮೊಣಕೈಗೆ ಇಳಿಯುತ್ತೆ. ಗಾಡಿ ಮಾತ್ರ ನಮ್ಮದು. ಅದಕ್ಕೇ ಗಾಡಿಗೆ ಹಾರ, ಹೆಲ್ಮೆಟ್ಟಿಗೆ ಚಪ್ಪಲಿ ಸ್ಟ್ಯಾಂಡು.

ಇದನ್ನ ಬದಲಾಯಿಸೋಕೆ ದಂಡ ಸಾಕಾಗಲ್ಲ ಅನ್ನೋದು ನನ್ನ ಅಭಿಪ್ರಾಯ. ನಾವು ಯಾವುದಕ್ಕೆ ಕುಂಕುಮ ಇಡ್ತೀವೋ ಅದನ್ನ ನಮ್ಮದು ಅಂದ್ಕೊಳ್ತೀವಿ. ಯಾವುದಕ್ಕೆ ಹಬ್ಬಕ್ಕೆ ಹೊಸ ಬಟ್ಟೆ ಹೊಲಿಸ್ತೀವೋ ಅದು ಮನೆಯವರಲ್ಲಿ ಒಬ್ಬರಾಗುತ್ತೆ. ಅಷ್ಟೇ ಸರಳ.

ಸರಿ, ಹೊಲಿಗೆಗೆ ಬರೋಣ. ಮೊದಲೇ ಒಂದು ಎಚ್ಚರಿಕೆ: ಹಬ್ಬದ ಹಿಂದಿನ ದಿನವೇ ಕೆಲಸ ಮುಗಿಸಿ. ಯಾಕಂದ್ರೆ ಆಯುಧಪೂಜೆಗೆ ಹೊಲಿಗೆ ಮಿಷನ್ನೂ ಕತ್ತರಿಯೂ ಪೂಜೆಗೆ ಕೂರುತ್ವೆ, ಅವತ್ತು ಅವನ್ನ ಮುಟ್ಟಿದ್ರೆ ನಮ್ಮಮ್ಮ ಬಿಡಲ್ಲ!

ಮೊದಲು ಹೆಲ್ಮೆಟ್ಟಿನ ಹೊರ ಸುತ್ತಳತೆ ತಗೊಳ್ಳಿ. ನಮ್ಮದಕ್ಕೆ 90 ಸೆಂ.ಮೀ. ಬಂತು, ನೆತ್ತಿಯಿಂದ ಹಿಂದಿನ ಅಂಚಿನವರೆಗೆ 32. ಬಟ್ಟೆ ಎಳೆದರೆ ಹಿಗ್ಗುವಂಥದ್ದಾಗಿರಬೇಕು. ಬನಿಯನ್ ಬಟ್ಟೆ, ಹಳೇ ಟೀ ಶರ್ಟು, ಲೈಕ್ರಾ ಯಾವುದಾದ್ರೂ ಸರಿ. ಚಿಕ್ಕಪೇಟೆ ಕಡೆ ಹೋದ್ರೆ ಕಟ್ ಪೀಸ್ ಸಿಗುತ್ತೆ. ಹಿಗ್ಗುವ ಬಟ್ಟೆ ಆದ್ದರಿಂದ ಸುತ್ತಳತೆಯಲ್ಲಿ ಹತ್ತನೇ ಒಂದು ಭಾಗ ಕಳೀರಿ. 90ಕ್ಕೆ 81 ಉಳೀತು. ಕೊಡೆಯ ಬಟ್ಟೆ ನೋಡಿದೀರಲ್ಲ, ಹಾಗೇ ಆರು ತುಂಡು. ಒಂದೊಂದರ ಬುಡದ ಅಗಲ ಹದಿಮೂರೂವರೆ, ಎರಡೂ ಕಡೆ ಹೊಲಿಗೆಗೆ ಒಂದೊಂದು ಸೆಂ.ಮೀ. ಸೇರಿಸಿ. ಮೇಲೆ ಹೋಗ್ತಾ ವೀಳ್ಯದೆಲೆಯ ತುದಿಯ ಹಾಗೆ ಚೂಪಾಗಬೇಕು. ಮೊದಲು ನ್ಯೂಸ್‌ಪೇಪರಿನಲ್ಲಿ ಕತ್ತರಿಸಿ, ಹೆಲ್ಮೆಟ್ ಮೇಲೆ ಇಟ್ಟು ನೋಡಿ, ಆಮೇಲೆ ಬಟ್ಟೆಗೆ ಕತ್ತರಿ ಹಾಕಿ.

ಆರನ್ನೂ ಜೋಡಿಸಿದ ಮೇಲೆ ಹೆಲ್ಮೆಟ್ಟಿಗೆ ತೊಡಿಸಿ, ಮುಂದಿನ ಗಾಜನ್ನ ಪೂರ್ತಿ ಮೇಲೆತ್ತಿ. ಎತ್ತಿದ ಗಾಜಿನ ಅಂಚು ಎಲ್ಲಿಗೆ ಬರುತ್ತೋ ಅಲ್ಲಿ ಚಾಕ್‌ಪೀಸಿನಲ್ಲಿ ಗೆರೆ ಎಳೀರಿ. ಬಟ್ಟೆ ಆ ಗೆರೆಗಿಂತ ಹಿಂದೆಯೇ ಮುಗೀಬೇಕು. ಇಲ್ಲಾಂದ್ರೆ ಗಾಜು ಎತ್ತುವಾಗ ಬಟ್ಟೆ ಸಿಕ್ಕಿಕೊಳ್ಳುತ್ತೆ. ಗಾಳಿ ಆಡುವ ಕಿಂಡಿಗಳಿದ್ರೆ ಅಲ್ಲಿ ಬಲೆ ಬಟ್ಟೆ ಹಾಕಿ, ಇಲ್ಲಾ ಹಾಗೇ ತೂತು ಬಿಡಿ. ಸುತ್ತಲೂ ಮಡಿಸಿ ಒಳಗೆ ಎಲಾಸ್ಟಿಕ್ ತೂರಿಸಿ. ಅಂಚು ಹೆಲ್ಮೆಟ್ಟಿನ ಹೊರಗಡೆಯೇ ನಿಲ್ಲಬೇಕು. ಒಳಗೆ ಮಡಿಸಿದ್ರೆ ತಲೆಗೂ ಹೆಲ್ಮೆಟ್ಟಿಗೂ ನಡುವೆ ಬಟ್ಟೆ ಬಂದು ಹೆಲ್ಮೆಟ್ ಸರಿಯಾಗಿ ಕೂರಲ್ಲ.

ಅಲಂಕಾರಕ್ಕೆ ನಾನು ಅಮ್ಮನ ಹಳೇ ರೇಷ್ಮೆ ಸೀರೆಯ ಜರಿ ಅಂಚು ತಗೊಂಡೆ. ಮೊದಲ ವರ್ಷ ಅದನ್ನ ಕೆಳಗೆ ಸುತ್ತಲೂ ಹೊಲಿದುಬಿಟ್ಟೆ. ಜರಿ ಹಿಗ್ಗಲ್ಲ ನೋಡಿ, ಕವರ್ ಹೆಲ್ಮೆಟ್ಟಿಗೆ ಏರಲೇ ಇಲ್ಲ! ರಾತ್ರಿ ಹನ್ನೊಂದು ಗಂಟೆಗೆ ಕೂತು ಎಲ್ಲಾ ಬಿಚ್ಚಿದೆ. ಅಮ್ಮ ನೋಡಿ "ಲಂಗಕ್ಕೆ ಹೊಲಿದ ಹಾಗೆ ಹೊಲಿದಿದೀಯಲ್ಲೇ, ಮೇಲಿಂದ ಕೆಳಕ್ಕೆ ಹಾಕು" ಅಂದ್ರು. ಆರು ಜೋಡಣೆಯ ಮೇಲೆ ಆರು ಜರಿ ಪಟ್ಟಿ. ಈಗ ಎಲಾಸ್ಟಿಕ್ ಹಿಗ್ಗುತ್ತೆ, ಜೊತೆಗೆ ಹೆಲ್ಮೆಟ್ ಥೇಟ್ ಮೈಸೂರು ಪೇಟದ ತಮ್ಮನ ಹಾಗೆ ಕಾಣುತ್ತೆ.

ಹೆಂಗಸರಿಗೆ ಒಂದು ವಿಶೇಷ. ಹಬ್ಬದ ದಿನ ನಾವು ಹೆಲ್ಮೆಟ್ ಹಾಕದೇ ಇರೋಕೆ ದೊಡ್ಡ ಕಾರಣ ಯಾವುದು? ಹೂವು! ಅಷ್ಟು ದುಡ್ಡು ಕೊಟ್ಟು ತಂದ ಮೈಸೂರು ಮಲ್ಲಿಗೆಯನ್ನ ಹೆಲ್ಮೆಟ್ ಒಳಗೆ ಅಪ್ಪಚ್ಚಿ ಮಾಡೋಕೆ ಯಾರಿಗೆ ಮನಸ್ಸು ಬರುತ್ತೆ? ಗಂಡನ ಹಿಂದೆ ಒಂದು ಕಡೆಗೆ ಕಾಲು ಹಾಕಿ ಕೂತು, ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ಮಗು, ತಲೆ ಬರಿದು. ಇದಕ್ಕೆ ನಾನು ಕಂಡುಕೊಂಡ ಉಪಾಯ: ಕವರಿನ ಹಿಂಭಾಗದಲ್ಲಿ ಕೆಳಗಡೆ, ಜಡೆ ಬರುವ ಜಾಗದಲ್ಲಿ ಬಟ್ಟೆಯದೇ ಎರಡು ಸಣ್ಣ ಕುಣಿಕೆ. ಅದಕ್ಕೆ ಮಲ್ಲಿಗೆ ದಂಡೆಯನ್ನ ನೂಲಿನಲ್ಲೇ ಕಟ್ಟಿ. ದೇವಸ್ಥಾನ ಬಂದ ಮೇಲೆ ಬಿಚ್ಚಿ ಮುಡಿಗೆ ಏರಿಸಿ. ಹೂವೂ ಉಳೀತು, ತಲೆಯೂ ಉಳೀತು. ದಾರಿಯುದ್ದಕ್ಕೂ ಹಿಂದೆ ಬರೋರಿಗೆ ಪರಿಮಳ ಬಿಟ್ಟಿ :)

ಇನ್ನು ಮಾಡಬಾರದ್ದು. ಇದನ್ನ ದಯವಿಟ್ಟು ಗಂಭೀರವಾಗಿ ಓದಿ.

ಹೆಲ್ಮೆಟ್ಟಿಗೆ ನೇರವಾಗಿ ಪೇಂಟ್ ಹೊಡೀಬೇಡಿ. ಥಿನ್ನರ್, ಪೆಟ್ರೋಲ್ ಹಾಕಿ ಒರೆಸಬೇಡಿ. ಪ್ಲಾಸ್ಟಿಕ್ ಚಿಪ್ಪು ಹೊರಗೆ ಚೆನ್ನಾಗಿ ಕಂಡರೂ ಒಳಗೊಳಗೇ ಪೆಡಸಾಗಿ ಬಿರುಕು ಬಿಡುತ್ತೆ. ಒಳಗಿರೋದು ಥರ್ಮೋಕೋಲ್ ಜಾತಿಯ ಪದರ. ನಿಜವಾಗಿ ಪೆಟ್ಟು ತಿನ್ನೋದು ಅದೇ. ತಾನು ಜಜ್ಜಿಹೋಗಿ ತಲೆಯನ್ನ ಉಳಿಸುತ್ತೆ, ಅದೂ ಒಂದೇ ಸಲ. ಪೆಟ್ರೋಲ್ ತಾಗಿದ್ರೆ ಕರಗುತ್ತೆ, ದೀಪದ ಶಾಖಕ್ಕೆ ಮುದುಡುತ್ತೆ. ಹಾಗಾಗಿ ಮಂಗಳಾರತಿ ದೂರದಿಂದ ಎತ್ತಿ. ಹಬ್ಬ ಆದ ಮೇಲೆ ಕವರನ್ನ ನುಸಿಗುಳಿಗೆ ಜೊತೆ ಹೆಲ್ಮೆಟ್ ಒಳಗೆ ತುರುಕಿಡಬೇಡಿ, ನುಸಿಗುಳಿಗೆಯೂ ಆ ಪದರವನ್ನ ತಿನ್ನುತ್ತೆ. ಗಾಡಿಯ ಕನ್ನಡಿಗೆ ಹೆಲ್ಮೆಟ್ ಸಿಕ್ಕಿಸುವ ಅಭ್ಯಾಸವನ್ನೂ ಬಿಡಿ, ಕನ್ನಡಿ ಒತ್ತಿದ ಕಡೆ ಪದರ ತಗ್ಗಾಗುತ್ತೆ.

ಗಾಜಿನ ಮೇಲೆ ವಿಭೂತಿ ಬೇಡವೇ ಬೇಡ. ಒರೆಸಿದ್ರೆ ಗೀರು ಬೀಳುತ್ತೆ, ರಾತ್ರಿ ಎದುರಿನ ಬೆಳಕೆಲ್ಲಾ ಚೆಲ್ಲಾಪಿಲ್ಲಿ ಕಾಣುತ್ತೆ. ಕುಂಕುಮ ಇಡಲೇಬೇಕು ಅಂದ್ರೆ ಬಟ್ಟೆಯ ಮೇಲೆ ಇಡಿ, ಅಂಗಿ ಇರೋದೇ ಅದಕ್ಕೆ. ತಂತಿ, ಕೊಂಬು, ಗಟ್ಟಿ ಗೊಂಬೆ, ದೊಡ್ಡ ಮಣಿ ಯಾವುದನ್ನೂ ಹೊಲಿಯಬೇಡಿ. ಬಿದ್ದಾಗ ಹೆಲ್ಮೆಟ್ ರಸ್ತೆ ಮೇಲೆ ಜಾರಬೇಕು. ಏನಾದ್ರೂ ಸಿಕ್ಕಿಕೊಂಡ್ರೆ ಕತ್ತು ತಿರುಚುತ್ತೆ. ಎಲಾಸ್ಟಿಕ್ ಎಷ್ಟು ಬಿಗಿ ಅಂದ್ರೆ, ಗಾಳಿಗೆ ಹಾರಬಾರದು, ಕೈಯಲ್ಲಿ ಎಳೆದ್ರೆ ಥಟ್ಟನೆ ಕಳಚಬೇಕು. ಮತ್ತೆ ಇದು ಬೀದಿ ಸುತ್ತೋಕೆ, ದೇವಸ್ಥಾನಕ್ಕೆ ಹೋಗಿ ಬರೋಕೆ ಮಾತ್ರ. ಹೈವೇಗೆ ಹೋಗೋದಾದ್ರೆ ತೆಗೆದು ಮಡಿಸಿ ಸೀಟಿನ ಕೆಳಗಿಡಿ.

ಕೊನೇದಾಗಿ, ಎರಡು ನೂರು ರೂಪಾಯಿಯ ರಸ್ತೆ ಬದಿ ಚಿಪ್ಪಿಗೆ ಅಂಗಿ ಹೊಲಿಯೋಕೆ ನನ್ನನ್ನ ಕೇಳಬೇಡಿ. ಅದು ಗುರಾಣಿ ಅಲ್ಲ, ಗುರಾಣಿ ವೇಷ. ಅದಕ್ಕೆ ಜರಿ ಹಾಕೋದು ಅಂದ್ರೆ ಸುಳ್ಳಿಗೆ ಪೀತಾಂಬರ ಉಡಿಸಿದ ಹಾಗೆ.

ನನ್ನ ವಾದಕ್ಕೆ ವಿರೋಧವೂ ಬಂದಿದೆ. ನಮ್ಮ ಭಾವ ಕೇಳಿದ್ರು: "ವರ್ಷಕ್ಕೆ ಒಂದು ದಿನ ಅಂಗಿ ತೊಡಿಸಿಬಿಟ್ರೆ ಉಳಿದ 364 ದಿನ ಹಾಕ್ಕೊಳ್ತಾರಾ? ಗಾಡಿಗೂ ವರ್ಷಾ ವರ್ಷಾ ಪೂಜೆ ಮಾಡ್ತಾರೆ, ಆದ್ರೂ ಸರ್ವಿಸ್ ಮಾಡಿಸಲ್ಲ." ಮಾತು ಸರಿಯಾಗಿದೆ. ಪೂಜೆ ಮಾಡಿ ಅಲ್ಲಿಗೇ ಮರೆಯೋದು ನಮ್ಮ ಹಳೇ ಕಾಯಿಲೆ. ಆದ್ರೆ ಭಾವನವರು ಒಂದನ್ನ ಮರೆತಿದ್ರು. ಹೆಲ್ಮೆಟ್ ಬೇಡ ಅಂತ ಎಲ್ಲರೂ ಸುಲಭವಾಗಿ ಒಪ್ಪಿಕೊಳ್ಳುವ ದಿನ ಯಾವುದು ಹೇಳಿ? ಹಬ್ಬದ ದಿನವೇ. ಹಣೆಯಲ್ಲಿ ಕುಂಕುಮ, ಮುಡಿಯಲ್ಲಿ ಹೂವು, ಮೈಮೇಲೆ ಹೊಸ ಬಟ್ಟೆ, "ಇಲ್ಲೇ ಹತ್ತಿರ" ಅನ್ನೋ ಮಾತು. ಅವತ್ತೇ ರಸ್ತೆ ತುಂಬಾ ಕುಂಬಳಕಾಯಿ ಲೋಳೆ, ನಿಂಬೆಹಣ್ಣು, ಕಣ್ಣಿಗೆ ಅಡ್ಡ ಬರುವ ಬಾಳೆಕಂದು. ಆ ಒಂದು ದಿನ ಹಾಕಿಸಿದ್ರೆ ಸಾಕು, ಅದೇ ದೊಡ್ಡದು.

ಇನ್ನೊಬ್ಬರು "ಇದೆಲ್ಲಾ ಮಕ್ಕಳಾಟಿಕೆ" ಅಂದ್ರು. ಹೌದು, ಮಕ್ಕಳಾಟಿಕೆಯೇ. ಅಮೆರಿಕದಲ್ಲಿ ಕ್ರಿಸ್ಮಸ್ ಹತ್ತಿರ ಬಂದಾಗ ಬೈಕ್ ಸವಾರರು ಗುಂಪಾಗಿ ಸಾಂತಾ ವೇಷ ಹಾಕಿ, ಬಡ ಮಕ್ಕಳಿಗೆ ಆಟಿಕೆ ಹೊತ್ತು ಮೆರವಣಿಗೆ ಹೋಗ್ತಾರೆ. ಗಡ್ಡ ಬಿಟ್ಟ ದಢೂತಿ ಗಂಡಸರು! ಅವರಿಗಿಲ್ಲದ ನಾಚಿಕೆ ನಮಗ್ಯಾಕೆ?

ಹಾಗೇ ಬೀದಿಯಲ್ಲಿ ಕುಂಬಳಕಾಯಿ ಒಡೆಯೋರಿಗೆ ಒಂದು ಮಾತು. ದೃಷ್ಟಿ ತೆಗೀರಿ, ಬೇಡ ಅನ್ನಲ್ಲ. ಒಡೆದ ಮೇಲೆ ಚೂರುಗಳನ್ನ ಬಳಿದು ಬದಿಗೆ ಹಾಕೋಕೆ ಎರಡು ನಿಮಿಷ ಸಾಕು. ನಿಮ್ಮ ಗಾಡಿಯ ದೃಷ್ಟಿ ಇನ್ನೊಬ್ಬರ ಮನೆ ಮಗನಿಗೆ ತಾಗಬಾರದು.

ಕಳೆದ ದಸರಾಕ್ಕೆ ತಿಪಟೂರಿಗೆ ಎರಡು ಕವರ್ ಹೊಲಿದು ತಗೊಂಡು ಹೋದೆ. ಒಂದು ದೊಡ್ಡದು, ಅವನಿಗೆ. ಒಂದು ಚಿಕ್ಕದು, ಅವನ ಮಗಳ ಹೆಲ್ಮೆಟ್ಟಿಗೆ. ಅವಳದಕ್ಕೆ ನವಿಲು ಬಣ್ಣದ ಬಟ್ಟೆ. ಬೈಕಿನ ಪಕ್ಕ ಮಣೆ ಹಾಕಿ, ಎರಡೂ ಹೆಲ್ಮೆಟ್ ಕೂರಿಸಿ ಚಿಕ್ಕಮ್ಮನೇ ಆರತಿ ಎತ್ತಿದ್ರು. ಯಾರೂ ಆ ಸಂಜೆಯ ಮಾತು ತೆಗೀಲಿಲ್ಲ. ಚಿಕ್ಕಮ್ಮ ಮಾತ್ರ ದೊಡ್ಡ ಹೆಲ್ಮೆಟ್ಟಿಗೆ ಕುಂಕುಮ ಇಡುವಾಗ ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಟಿದ್ರು.

ಸಂಜೆ ಅಪ್ಪ ಮಗಳು ದೇವಸ್ಥಾನಕ್ಕೆ ಹೊರಟ್ರು. ಮಗಳ ಕವರಿನ ಕುಣಿಕೆಗೆ ನಾನು ಒಂದು ಮೊಳ ಮಲ್ಲಿಗೆ ಕಟ್ಟಿದೆ. ಅವನು ಗಾಡಿ ಸ್ಟಾರ್ಟ್ ಮಾಡೋ ಮೊದಲು ಹಿಂದೆ ತಿರುಗಿ ಕೇಳಿದ, "ಅಕ್ಕಾ, ಹೂವು ಘಮ ಇದೆಯಾ?"

"ಬೀದಿಯೆಲ್ಲಾ ಇದೆ ಕಣೋ" ಅಂದೆ.

"ಹಾಗಾದ್ರೆ ಸರಿ" ಅಂದು ಪಟ್ಟಿ ಬಿಗಿ ಮಾಡ್ಕೊಂಡ.

ಈ ಸಲದ ಆಯುಧಪೂಜೆಗೆ ನಿಮ್ಮ ಮನೆ ಹೆಲ್ಮೆಟ್ಟನ್ನ ಚಪ್ಪಲಿ ಸ್ಟ್ಯಾಂಡಿನಿಂದ ಇಳಿಸ್ತೀರಾ? ಅಂಗಿ ಹೊಲಿಯೋಕೆ ಆಗದಿದ್ರೆ ಬೇಡ, ಒಂದು ಹೂವು ಇಡಿ ಸಾಕು. ಹೊಲಿದ್ರೆ ಹೇಗೆ ಬಂತು ಅಂತ ಹೇಳಿ. ನನಗಿಂತ ಚೆನ್ನಾಗಿ ಹೊಲಿಯೋರು ನಿಮ್ಮಲ್ಲಿ ಬೇಕಾದಷ್ಟು ಜನ ಇದೀರಿ, ಗೊತ್ತು. ಮುಂಚಿತವಾಗಿ ಹಬ್ಬದ ಶುಭಾಶಯಗಳು. ಪಟ್ಟಿ ಹಾಕ್ಕೊಳ್ಳೋದು ಮರೀಬೇಡಿ!